ದಮ್ಮಿನ ಕಾಯಿಲೆಯನ್ನು ಮನೆಯಲ್ಲಿ ನಿಭಾಯಿಸುವುದು ಹೇಗೆ: ಸಿಒಪಿಡಿ ಇರುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ತಾಯಿ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಅಡುಗೆ ಮಾಡಿದವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಐವತ್ತೆಂಟನೆಯ ವಯಸ್ಸಿನ ಹೊತ್ತಿಗೆ ಬಾವಿಕಟ್ಟೆಯಿಂದ ಅಡುಗೆಮನೆಗೆ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ವಯಸ್ಸಾಯಿತಲ್ಲ ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಊರಿನಲ್ಲಿ ಇದಕ್ಕೆ ದಮ್ಮು, ಗೂರಲು, ಉಬ್ಬಸ ಎಂದು ಬಾಯಿಗೆ ಬಂದ ಹೆಸರು. ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದು ಸಿಒಪಿಡಿ. ಶ್ವಾಸನಾಳಗಳು ಕಿರಿದಾಗಿ, ಗಾಳಿಗೂಡುಗಳು ಸಡಿಲವಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದೆ ಎದೆಯಲ್ಲೇ ಸಿಕ್ಕಿಕೊಳ್ಳುವ ಕಾಯಿಲೆ ಇದು.

ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ವೈದ್ಯರನ್ನು ಕಾಣುವುದು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ. ಉಳಿದ ದಿನಗಳೆಲ್ಲ ರೋಗಿಯ ಮತ್ತು ಮನೆಯವರ ಕೈಯಲ್ಲಿರುತ್ತವೆ. ಆರು ವರ್ಷ ತಾಯಿಯ ಜೊತೆಗಿದ್ದು ನಾನು ಕಲಿತ ದೊಡ್ಡ ವಿಷಯ ಒಂದೇ: ತಮ್ಮ ಮಾಮೂಲಿ ದಿನ ಹೇಗಿರುತ್ತದೆ ಎಂದು ಚೆನ್ನಾಗಿ ಬಲ್ಲವರು ಕೆಟ್ಟ ದಿನವನ್ನು ಅದು ಶುರುವಾದ ದಿನವೇ ಗುರುತಿಸುತ್ತಾರೆ. ಅರಿಯದವರು ಅದನ್ನು ಗುರುತಿಸುವುದು ನಾಲ್ಕನೆಯ ದಿನ, ಆಂಬ್ಯುಲೆನ್ಸಿನೊಳಗೆ. ಕೆಳಗೆ ಹೇಳುವುದೆಲ್ಲ ಈ ಅರಿವಿನ ಸುತ್ತಲೇ ಇದೆ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರು ಹೇಳಿದ್ದನ್ನು ಮನೆಯಲ್ಲಿ ನಡೆಸಿಕೊಂಡು ಹೋಗುವ ಬಗೆ ಇಲ್ಲಿದೆ.

ಹಂತ 1: ಕಾಯಿಲೆ ಯಾವುದೆಂದು ಊದಿ ಖಚಿತಪಡಿಸಿಕೊಳ್ಳಿ

ಎದೆಯ ಎಕ್ಸ್‌ರೇ ಒಂದರಿಂದಲೇ ಸಿಒಪಿಡಿ ಇದೆ ಎಂದು ಹೇಳಲಾಗದು. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಆಗಬೇಕು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರವೂ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ ಗಾಳಿಯ ಶೇ 70ಕ್ಕಿಂತ ಕಡಿಮೆ ಇದ್ದರೆ ನಾಳಗಳಲ್ಲಿ ಖಾಯಂ ಅಡ್ಡಿ ಇದೆ ಎಂದರ್ಥ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಕಡೆಗಳಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಅಸ್ತಮಾಕ್ಕೂ ಇದಕ್ಕೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿದೆ. ಹಿಂದೆ ಕ್ಷಯ ಬಂದು ಹೋದವರಲ್ಲಿಯೂ ಇಂಥದೇ ಏದುಸಿರು ಉಳಿಯಬಹುದು. ಕೆಮ್ಮು ಎರಡು ವಾರ ದಾಟಿದ್ದರೆ ಕಫದ ಪರೀಕ್ಷೆಯೂ ಆಗಲಿ. ಪರೀಕ್ಷೆಯ ವರದಿಯನ್ನು ಕೇಳಿ ಪಡೆದು ಕಡತದಲ್ಲಿ ಇಡಿ. ಮುಂದೆ ಯಾವ ವೈದ್ಯರಲ್ಲಿಗೆ ಹೋದರೂ ಅವರು ಮೊದಲು ಕೇಳುವುದು ಅದನ್ನೇ.

ಹಂತ 2: ನಿಮ್ಮ ಮಾಮೂಲಿ ದಿನವನ್ನು ಬರೆದಿಡಿ

ಒಂದು ನೋಟ್‌ಬುಕ್ ತನ್ನಿ. ಆರೋಗ್ಯ ಸ್ಥಿರವಾಗಿರುವಾಗ ಎರಡು ವಾರ, ದಿನವೂ ಒಂದೇ ಹೊತ್ತಿಗೆ ಐದು ಸಂಗತಿ ಬರೆಯಿರಿ.

ಮೊದಲನೆಯದು ಏದುಸಿರು. ವೈದ್ಯರು ಇದನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತಾರೆ. ಓಡಿದಾಗ, ಭಾರಿ ಕೆಲಸ ಮಾಡಿದಾಗ ಮಾತ್ರ ದಮ್ಮು ಬಂದರೆ ಸೊನ್ನೆ. ಬೇಗ ನಡೆದಾಗ ಅಥವಾ ಸಣ್ಣ ಏರು ಹತ್ತುವಾಗ ಬಂದರೆ ಒಂದು. ಓರಗೆಯವರಿಗಿಂತ ನಿಧಾನವಾಗಿ ನಡೆಯಬೇಕಾದರೆ ಎರಡು. ನೂರು ಮೀಟರಿಗೆ ನಿಲ್ಲಬೇಕಾದರೆ ಮೂರು. ಸೀರೆ ಉಡುವಾಗ, ಅಂಗಿ ತೊಡುವಾಗಲೇ ಏದುಸಿರಾದರೆ ನಾಲ್ಕು. ಅಂಕಿಗಿಂತ ನಿಮ್ಮ ಮನೆಯ ಗುರುತುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ನನ್ನ ತಾಯಿಯ ಗುರುತು ತುಳಸಿಕಟ್ಟೆ: ಅಲ್ಲಿಯವರೆಗೆ ನಿಲ್ಲದೆ ಹೋದರೆ ಒಳ್ಳೆಯ ದಿನ.

ಎರಡನೆಯದು ಕಫ: ಎಷ್ಟು, ಯಾವ ಬಣ್ಣ, ಅಂಟು ಹೇಗೆ. ಬೆಳಗ್ಗೆ ಒಂದು ಚಮಚೆಯಷ್ಟು ಬಿಳಿ ಕಫ ಬರುವುದು ಒಬ್ಬರಿಗೆ ಮಾಮೂಲಿ ಇರಬಹುದು. ಮೂರನೆಯದು, ತಕ್ಷಣದ ಆರಾಮಕ್ಕೆಂದು ಕೊಟ್ಟ ಪಂಪನ್ನು (ಇನ್ಹೇಲರ್) ದಿನಕ್ಕೆ ಎಷ್ಟು ಸಲ ಒತ್ತಿದಿರಿ ಎಂಬುದು. ನಾಲ್ಕನೆಯದು ರಾತ್ರಿ: ಎಷ್ಟು ದಿಂಬು ಬೇಕಾಯಿತು, ದಮ್ಮು ಕಟ್ಟಿ ಎಚ್ಚರವಾಯಿತೇ. ಐದನೆಯದು, ಬೆರಳಿಗೆ ಹಾಕಿ ರಕ್ತದಲ್ಲಿನ ಆಮ್ಲಜನಕದ ಮಟ್ಟ ನೋಡುವ ಆಕ್ಸಿಮೀಟರ್ ಇದ್ದರೆ ಅದರ ಅಂಕಿ. ಹತ್ತು ನಿಮಿಷ ಕುಳಿತು ವಿಶ್ರಾಂತಿ ಪಡೆದು, ಬೆರಳು ಬೆಚ್ಚಗಿರುವಾಗ, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾದು ಓದಿ. ಉಗುರು ಬಣ್ಣ, ಮದರಂಗಿ ಇದ್ದರೆ ಅಂಕಿ ತಪ್ಪಾಗುತ್ತದೆ. ಸಿಒಪಿಡಿ ಇರುವ ಅನೇಕರಿಗೆ ಮಾಮೂಲಿ ಅಂಕಿಯೇ ಇತರರಿಗಿಂತ ಕಡಿಮೆ ಇರುತ್ತದೆ. ಆದ್ದರಿಂದ ಪಕ್ಕದ ಮನೆಯವರ 98ರೊಂದಿಗೆ ಹೋಲಿಸಿಕೊಂಡು ಗಾಬರಿಯಾಗಬೇಡಿ. ನಿಮ್ಮ ನಿನ್ನೆಯ ಅಂಕಿಯೊಂದಿಗೆ ಹೋಲಿಸಿ. ಇದರ ಜೊತೆಗೆ ವಾರಕ್ಕೊಮ್ಮೆ ತೂಕ ನೋಡಿ, ಪಾದದ ಗಂಟಿನ ಬಳಿ ಬಾವು ಇದೆಯೇ ಎಂದು ಒತ್ತಿ ನೋಡಿ.

ಹಂತ 3: ಎಳೆಯುವ ಔಷಧವನ್ನು ಸರಿಯಾಗಿ ಎಳೆಯಿರಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾವು ಎರಡು ವರ್ಷ ಕಳೆದುಕೊಂಡದ್ದು ಇಲ್ಲಿಯೇ. ತಾಯಿ ಪಂಪನ್ನು ಮೊದಲು ಬಾಯೊಳಗೆ ಒತ್ತಿ, ಆಮೇಲೆ ಉಸಿರು ಎಳೆಯುತ್ತಿದ್ದರು. ಔಷಧವೆಲ್ಲ ಗಂಟಲಿಗೆ ಬಡಿದು ನಿಲ್ಲುತ್ತಿತ್ತು. ಗುಣ ಕಾಣಲಿಲ್ಲವೆಂದು ಪ್ರಮಾಣ ಹೆಚ್ಚಾಗುತ್ತಾ ಹೋಯಿತು. "ಹೇಗೆ ಎಳೆಯುತ್ತೀರಿ, ತೋರಿಸಿ" ಎಂದು ಆ ಎರಡು ವರ್ಷ ಯಾರೂ ಕೇಳಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೊದಲು, ನಿಮ್ಮಲ್ಲಿರುವುದು ಯಾವ ಬಗೆಯ ಸಾಧನ ಎಂದು ತಿಳಿಯಿರಿ. ಒತ್ತಿದರೆ ತುಂತುರು ಬರುವ ಪಂಪು ಒಂದು ಬಗೆ. ಕ್ಯಾಪ್ಸೂಲ್ ಒಡೆದು ಪುಡಿ ಎಳೆಯುವುದು ಇನ್ನೊಂದು ಬಗೆ. ಎರಡರಲ್ಲಿ ಉಸಿರೆಳೆಯುವ ರೀತಿ ತದ್ವಿರುದ್ಧ: ಪಂಪಿಗೆ ನಿಧಾನ, ಪುಡಿಗೆ ಜೋರು.

ಪಂಪು ಬಳಸುವಾಗ ನೆಟ್ಟಗೆ ಕುಳಿತುಕೊಳ್ಳಿ. ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ಪಂಪಿನ ತುದಿಯನ್ನು ಬಾಯಲ್ಲಿಟ್ಟು ಅದರ ಸುತ್ತ ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯಲು ಶುರು ಮಾಡಿ. ಶುರು ಮಾಡಿದ ಆ ಕ್ಷಣಕ್ಕೇ ಒಮ್ಮೆ ಒತ್ತಿ, ಎಳೆಯುವುದನ್ನು ನಾಲ್ಕೈದು ಸೆಕೆಂಡು ಮುಂದುವರಿಸಿ. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೆಯ ಸಲ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಮಾಡಿ. ಒಟ್ಟಿಗೆ ಎರಡು ಸಲ ಒತ್ತಬಾರದು.

ಒತ್ತುವುದು, ಎಳೆಯುವುದು ಎರಡನ್ನೂ ಕೂಡಿಸಲು ಅನೇಕ ಹಿರಿಯರಿಗೆ ಆಗುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಕೇಳಿ ಪಡೆಯಿರಿ. ಔಷಧ ಆ ಕೊಳವೆಯೊಳಗೆ ತೇಲುತ್ತಿರುತ್ತದೆ. ಒಮ್ಮೆ ಒತ್ತಿ, ಕೂಡಲೇ ನಿಧಾನವಾಗಿ ಒಂದು ದೀರ್ಘ ಉಸಿರು ಎಳೆದರೆ ಸಾಕು. ಅದೂ ಕಷ್ಟವಾದರೆ ಸಹಜವಾಗಿ ನಾಲ್ಕೈದು ಉಸಿರು. ಸ್ಪೇಸರ್ ಸಿಕ್ಕ ತಿಂಗಳೊಳಗೆ ತಾಯಿಯ ರಾತ್ರಿಯ ಕೆಮ್ಮು ಅರ್ಧಕ್ಕೆ ಇಳಿಯಿತು, ಔಷಧ ಅದೇ ಇತ್ತು. ಸ್ಪೇಸರನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ.

ಪುಡಿಯ ಸಾಧನದಲ್ಲಿ ಕ್ಯಾಪ್ಸೂಲ್ ಹಾಕಿ, ಒಡೆದು, ಉಸಿರನ್ನು ಸಾಧನದಿಂದ ಮುಖ ತಿರುಗಿಸಿ ಹೊರಗೆ ಬಿಡಿ. ಸಾಧನದೊಳಗೆ ಉಸಿರು ಬಿಟ್ಟರೆ ಪುಡಿ ಒದ್ದೆಯಾಗುತ್ತದೆ. ನಂತರ ಜೋರಾಗಿ, ಆಳವಾಗಿ ಎಳೆದು ಹತ್ತು ಎಣಿಸಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಆ ಕ್ಯಾಪ್ಸೂಲನ್ನು ನುಂಗಬಾರದು. ಇದನ್ನು ಬರೆಯಬೇಕೇ ಎನ್ನಿಸಬಹುದು, ಆದರೆ ಮಾತ್ರೆಯಂತೆ ನೀರಿನ ಜೊತೆ ನುಂಗಿದವರನ್ನು ನಾನೇ ಕಂಡಿದ್ದೇನೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಪ್ಸೂಲುಗಳು ತೇವ ಹೀರುತ್ತವೆ. ಅವುಗಳ ಡಬ್ಬಿ ಅಥವಾ ಹಾಳೆಯಲ್ಲೇ ಇಟ್ಟು, ಬೇಕಾದಾಗ ಒಂದನ್ನೇ ಹೊರಗೆ ತೆಗೆಯಿರಿ.

ಸ್ಟೀರಾಯ್ಡ್ ಇರುವ ಔಷಧ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರಬಹುದು. ದಿನವೂ ತಪ್ಪದೆ ತೆಗೆದುಕೊಳ್ಳಬೇಕಾದ ಔಷಧ ಯಾವುದು, ದಮ್ಮು ಬಂದಾಗ ಮಾತ್ರ ಬಳಸುವುದು ಯಾವುದು ಎಂದು ವೈದ್ಯರಿಂದ ಸ್ಪಷ್ಟ ಮಾಡಿಕೊಂಡು, ಒಂದಕ್ಕೆ ಕೆಂಪು ದಾರ ಕಟ್ಟಿ. ಲೆಕ್ಕದ ಕಿಂಡಿ ಇಲ್ಲದ ಪಂಪಾದರೆ ಶುರು ಮಾಡಿದ ತಾರೀಖನ್ನು ಅದರ ಮೇಲೆ ಬರೆಯಿರಿ. 200 ಸಲ ಒತ್ತಬಹುದಾದ ಪಂಪನ್ನು ದಿನಕ್ಕೆ ನಾಲ್ಕು ಸಲ ಒತ್ತಿದರೆ 50 ದಿನಕ್ಕೆ ಮುಗಿಯುತ್ತದೆ. ನೀರಿನಲ್ಲಿ ತೇಲಿಸಿ ನೋಡುವುದರಿಂದ, ಕುಲುಕಿ ಸದ್ದು ಕೇಳುವುದರಿಂದ ನಿಜ ತಿಳಿಯದು. ಔಷಧ ಮುಗಿದ ಮೇಲೂ ಗಾಳಿ ಬರುತ್ತಲೇ ಇರುತ್ತದೆ.

ಪಂಪು ಚಟವಾಗುತ್ತದೆ, ಅದು ಕೊನೆಗಾಲದ ಔಷಧ ಎಂದು ನೆಂಟರು ಹೇಳುತ್ತಾರೆ. ಎರಡೂ ತಪ್ಪು. ಮಾತ್ರೆ ಇಡೀ ಮೈಗೆ ಹರಡುತ್ತದೆ. ಎಳೆದ ಔಷಧ ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ.

ಹಂತ 4: ಹೊಗೆ ಎಲ್ಲಿಂದ ಬರುತ್ತಿದೆ ಎಂದು ಮನೆ ಸುತ್ತಿ ನೋಡಿ

ಬೀಡಿ, ಸಿಗರೇಟು ಸೇದುವವರು ಅದನ್ನು ಬಿಡುವುದಕ್ಕೆ ಸಮನಾದ ಔಷಧ ಯಾವುದೂ ಇಲ್ಲ. ಕಾಯಿಲೆ ಎಷ್ಟೇ ಮುಂದುವರಿದಿರಲಿ, ಬಿಟ್ಟ ದಿನದಿಂದ ಶ್ವಾಸಕೋಶ ಸವೆಯುವ ವೇಗ ತಗ್ಗುತ್ತದೆ. ಒಂಟಿಯಾಗಿ ಹೋರಾಡಬೇಕಿಲ್ಲ. ತಂಬಾಕಿನ ಪೊಟ್ಟಣಗಳ ಮೇಲೇ ಮುದ್ರಿಸಿರುವ 1800 11 2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದ್ದು ಕನ್ನಡದಲ್ಲಿಯೇ ಮಾತನಾಡಬಹುದು. ನಿಕೋಟಿನ್ ಚೂಯಿಂಗ್ ಗಮ್ ಮುಂತಾದ ಔಷಧಗಳ ಬಗ್ಗೆ ವೈದ್ಯರನ್ನು ಕೇಳಿ.

ಸೇದದವರ ಮನೆಯ ಹೊಗೆ ಬೇರೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನೇಕ ಅಡುಗೆಮನೆಗಳಿಗೆ ಗ್ಯಾಸ್ ಬಂದಿದೆ. ಆದರೆ ಬಚ್ಚಲ ಹಂಡೆಯ ಒಲೆ, ದನಗಳ ಬೂಸ ಬೇಯಿಸುವ ಒಲೆ ಉಳಿದೇ ಇವೆ. ಊದುಗೊಳವೆ ಹಿಡಿಯುವ ಕೆಲಸವನ್ನು ರೋಗಿಗೆ ಕೊಡಲೇಬೇಡಿ. ಸೌದೆ ಬಿಡಲು ಆಗದಿದ್ದರೆ ಹೊಗೆಕೊಳವೆ ಇರುವ ಒಲೆಯಾದರೂ ಇರಲಿ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ಹಿರಿಯರು ನೆನೆಯುತ್ತಾರೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು, ಕಟ್ಟಿಕೊಂಡ ಕೊಳವೆ ಹೊಗೆಯನ್ನು ಮನೆಯೊಳಗೇ ತಳ್ಳುತ್ತದೆ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಧೂಪವನ್ನು ರೋಗಿ ಮಲಗುವ ಕೋಣೆಯಿಂದ ದೂರವಿಡಿ. ಸೊಳ್ಳೆ ಪರದೆ ಕಟ್ಟಿ. ದೇವರಿಗೆ ಹೂವು, ಎಣ್ಣೆದೀಪ ಸಾಕು. ಮೆಣಸಿನಕಾಯಿ ಹುರಿಯುವ ಹೊತ್ತಿಗೆ, ರಾಗಿ ಒಕ್ಕಣೆಯ ದಿನ, ಕಬ್ಬಿನ ತರಗು ಸುಡುವಾಗ ಅವರು ಅಲ್ಲಿರದಂತೆ ನೋಡಿಕೊಳ್ಳಿ. ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ.

ಹಂತ 5: ಉಸಿರು ಬಿಡುವುದನ್ನು ಅಭ್ಯಾಸ ಮಾಡಿ

ದಮ್ಮು ಕಟ್ಟಿದಾಗ ಎಲ್ಲರೂ ಗಾಳಿ ಎಳೆಯಲು ಒದ್ದಾಡುತ್ತಾರೆ. ಈ ಕಾಯಿಲೆಯಲ್ಲಿ ತೊಂದರೆ ಇರುವುದು ಬಿಡುವುದರಲ್ಲಿ. ಹಳೆಯ ಗಾಳಿ ಹೋಗದೆ ಹೊಸದಕ್ಕೆ ಜಾಗವಿಲ್ಲ. ಆದ್ದರಿಂದ ಮೂಗಿನಿಂದ ಎರಡು ಎಣಿಸುತ್ತಾ ಎಳೆಯಿರಿ, ಬಿಸಿ ಕಾಫಿ ಆರಿಸುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುತ್ತಾ ಬಿಡಿ. ಬಲವಂತವಾಗಿ ತಳ್ಳಬೇಡಿ, ತಾನಾಗಿ ಹೋಗಲಿ. ದಿನಕ್ಕೆ ಮೂರು ಸಲ, ಐದೈದು ನಿಮಿಷ, ಆರಾಮಾಗಿರುವಾಗಲೇ ಅಭ್ಯಾಸ ಮಾಡಿ. ಗಾಬರಿಯಾದ ಹೊತ್ತಿನಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ.

ಶ್ರಮದ ಕ್ಷಣಕ್ಕೆ ಉಸಿರು ಬಿಡುವುದು ಇನ್ನೊಂದು ಉಪಾಯ. ಕುರ್ಚಿಯಿಂದ ಏಳುವಾಗ ಬಿಡಿ, ಕೊಡ ಎತ್ತುವಾಗ ಬಿಡಿ, ಮೆಟ್ಟಿಲ ಮೇಲೆ ಕಾಲಿಡುವಾಗ ಬಿಡಿ. ಏದುಸಿರು ಹೆಚ್ಚಿದರೆ ಮುಂದೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಅಥವಾ ಮೇಜಿನ ಮೇಲೆ ಊರಿ ಕುಳಿತುಕೊಳ್ಳಿ. ಮನೆಯವರು ಸುತ್ತ ಮುತ್ತಿಕೊಳ್ಳದೆ, ಬೀಸಣಿಗೆಯಿಂದ ಮುಖಕ್ಕೆ, ಮೂಗು ಕೆನ್ನೆಗಳ ಮೇಲೆ ಗಾಳಿ ಹಾಕಲಿ. ಇದು ಸಮಾಧಾನಕ್ಕೆಂದು ಹೇಳುವ ಮಾತಲ್ಲ. ಮುಖಕ್ಕೆ ತಣ್ಣನೆಯ ಗಾಳಿ ತಾಗಿದರೆ ದಮ್ಮಿನ ಅನುಭವ ಕಡಿಮೆಯಾಗುತ್ತದೆ.

ಕಫ ತೆಗೆಯಲು ಜೋರಾಗಿ ಕೆಮ್ಮಿ ಸುಸ್ತಾಗಬೇಡಿ. ಸಾಧಾರಣ ಉಸಿರು ಎಳೆದು, ಕನ್ನಡಿಯ ಮೇಲೆ ಹಬೆ ಬಿಡುವಂತೆ ಬಾಯಿ ತೆರೆದು "ಹಾ" ಎಂದು ಎರಡು ಮೂರು ಸಲ ಹೊರಗೆ ತಳ್ಳಿ, ಆಮೇಲೆ ಒಮ್ಮೆ ಕೆಮ್ಮಿ.

ಹಂತ 6: ನಡೆಯಿರಿ, ದಮ್ಮು ಬಂದರೂ ನಡೆಯಿರಿ

ದಮ್ಮು ಬರುತ್ತದೆಂದು ಕುಳಿತರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿಗೆ ಅದೇ ಕೆಲಸಕ್ಕೆ ಹೆಚ್ಚು ಗಾಳಿ ಬೇಕು. ಹೀಗೆ ವರ್ಷದೊಳಗೆ ಅಂಗಳದವರೆಗಿನ ನಡಿಗೆ ಮಂಚದವರೆಗೆ ಇಳಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶ ಪುನಶ್ಚೇತನ ಎಂಬ ಆರೆಂಟು ವಾರಗಳ ತರಬೇತಿ ಇರುತ್ತದೆ, ಹತ್ತಿರವಿದ್ದರೆ ತಪ್ಪದೆ ಸೇರಿ. ಇಲ್ಲದಿದ್ದರೆ, ಹೃದಯದ ತೊಂದರೆ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು ಮನೆಯಲ್ಲಿ ಶುರು ಮಾಡಿ.

ವೈದ್ಯರು ಹೇಳಿದ್ದರೆ ನಡಿಗೆಗೆ ಮೊದಲು ಪಂಪು ತೆಗೆದುಕೊಳ್ಳಿ. ಒಂದೊಂದೇ ಸಣ್ಣ ವಾಕ್ಯ ಮಾತನಾಡಲು ಬರುವಷ್ಟು ವೇಗದಲ್ಲಿ ನಡೆಯಿರಿ. ಹಾಡಲು ಬಂದರೆ ತೀರಾ ನಿಧಾನ, ಮಾತೇ ಬಾರದಿದ್ದರೆ ತೀರಾ ಜೋರು. ಮೊದಲ ವಾರ ಐದು ನಿಮಿಷ, ನಡುವೆ ನಿಂತರೂ ಸರಿ. ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ ಇಪ್ಪತ್ತಕ್ಕೆ, ಮೂವತ್ತಕ್ಕೆ ಬನ್ನಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು ಹತ್ತು ಸಲ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು ಹತ್ತು ಸಲ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಸ್ನಾನಕ್ಕೆ, ತರಕಾರಿ ಹೆಚ್ಚಲು ಸ್ಟೂಲು ಇಟ್ಟುಕೊಳ್ಳಿ. ಅಲ್ಲಿ ಉಳಿಸಿದ ಉಸಿರನ್ನು ನಡಿಗೆಗೆ ಖರ್ಚು ಮಾಡಿ.

ಹಂತ 7: ಕೆಟ್ಟ ದಿನದ ಯೋಜನೆಯನ್ನು ಒಳ್ಳೆಯ ದಿನವೇ ಬರೆಸಿಕೊಳ್ಳಿ

ಈಗ ನೋಟ್‌ಬುಕ್ಕಿನ ಬೆಲೆ ತಿಳಿಯುತ್ತದೆ. ಏದುಸಿರು ಮಾಮೂಲಿಗಿಂತ ಹೆಚ್ಚಾಗುವುದು, ಕಫ ಹೆಚ್ಚಾಗುವುದು, ಕಫ ಹಳದಿ ಅಥವಾ ಹಸಿರಿಗೆ ತಿರುಗುವುದು: ಈ ಮೂರು ಮುಖ್ಯ ಸುಳಿವುಗಳು. ಇವುಗಳಲ್ಲಿ ಎರಡು ಕಂಡರೆ ಕಾಯಿಲೆ ಕೆರಳುತ್ತಿದೆ ಎಂದು ತಿಳಿಯಿರಿ. ಶೀತವಾದ ಎರಡು ಮೂರು ದಿನಕ್ಕೆ ಹೀಗಾಗುವುದು ಹೆಚ್ಚು. ಆಗ ಏನು ಮಾಡಬೇಕೆಂದು ವೈದ್ಯರಿಂದ ಒಂದು ಹಾಳೆಯಲ್ಲಿ ಮೊದಲೇ ಬರೆಸಿಕೊಂಡಿರಬೇಕು: ತಕ್ಷಣದ ಪಂಪನ್ನು ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಒತ್ತುವುದು, ಎಷ್ಟು ಗಂಟೆಯೊಳಗೆ ಸುಧಾರಿಸದಿದ್ದರೆ ಬರುವುದು, ಯಾವ ಸಂಖ್ಯೆಗೆ ಕರೆ ಮಾಡುವುದು. ಕೆಲವು ವೈದ್ಯರು ನಂಬಿಕೆಯುಳ್ಳ ರೋಗಿಗಳಿಗೆ ಐದು ದಿನದ ಸ್ಟೀರಾಯ್ಡ್ ಮಾತ್ರೆ ಮತ್ತು ಆ್ಯಂಟಿಬಯಾಟಿಕ್ ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳಲು ಹೇಳುತ್ತಾರೆ. ಶುರು ಮಾಡಿದ ದಿನವೇ ಅವರಿಗೆ ತಿಳಿಸಿ. ಹೋದ ಸಲ ಗುಣವಾಯಿತೆಂದು ಅದೇ ಚೀಟಿ ಹಿಡಿದು ಅಂಗಡಿಯಿಂದ ಮತ್ತೆ ಮತ್ತೆ ತರಬೇಡಿ. ಮೂಳೆ ಸವೆತ, ಸಕ್ಕರೆ ಕಾಯಿಲೆ ಹಿಂದೆಯೇ ಬರುತ್ತವೆ. ಹೆಸರು, ವಿವರ ಏನೂ ಇಲ್ಲದ ಪೊಟ್ಟಣದಲ್ಲಿ ಬರುವ ದಮ್ಮಿನ ಪುಡಿಗಳಿಂದಲೂ ದೂರವಿರಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು.

ಇವುಗಳಲ್ಲಿ ಯಾವುದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಿ: ಒಂದು ವಾಕ್ಯ ಪೂರ್ತಿ ಹೇಳಲು ಆಗದಿರುವುದು, ತುಟಿ ಉಗುರು ನೀಲಿಯಾಗುವುದು, ಎದೆನೋವು, ಪಂಪು ಒತ್ತಿದರೂ ಆರಾಮ ಸಿಗದಿರುವುದು, ಆಕ್ಸಿಮೀಟರ್ ಅಂಕಿ ವೈದ್ಯರು ಹೇಳಿದ ಮಿತಿಗಿಂತ ಇಳಿಯುವುದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮಂಪರು. ರಾತ್ರಿಯಿಡೀ ಒದ್ದಾಡಿದವರು ಬೆಳಗ್ಗೆ ತೂಕಡಿಸುತ್ತಾ, ಅಸಂಬದ್ಧ ಮಾತನಾಡುತ್ತಾ ಸುಮ್ಮನಾದರೆ, ಪಾಪ ಈಗ ನಿದ್ದೆ ಬಂತು ಎಂದು ಬಿಡಬೇಡಿ. ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು. ಆಂಬ್ಯುಲೆನ್ಸಿನವರಿಗೆ ಮೊದಲ ಮಾತಿನಲ್ಲೇ "ಇವರಿಗೆ ಸಿಒಪಿಡಿ ಇದೆ" ಎಂದು ಹೇಳಿ. ಈ ರೋಗಿಗಳಲ್ಲಿ ಆಮ್ಲಜನಕದ ಅಂಕಿಯನ್ನು 88ರಿಂದ 92ರ ನಡುವೆ ಇಡುತ್ತಾರೆ, ಅಳತೆ ಮೀರಿ ಕೊಟ್ಟ ಆಮ್ಲಜನಕವೂ ಅಪಾಯ ತರಬಲ್ಲದು.

ಹಂತ 8: ಮನೆಯಲ್ಲಿ ಆಮ್ಲಜನಕ

ಏದುಸಿರು ಬಂದವರೆಲ್ಲರಿಗೂ ಆಮ್ಲಜನಕ ಬೇಕಿಲ್ಲ. ಸ್ಥಿರವಾಗಿರುವಾಗಲೂ, ವಿಶ್ರಾಂತಿಯಲ್ಲೂ ಅಂಕಿ 88 ಅಥವಾ ಅದಕ್ಕಿಂತ ಕೆಳಗೆ ಉಳಿಯುವವರಿಗೆ, ರಕ್ತ ಪರೀಕ್ಷೆ ಮಾಡಿ, ವೈದ್ಯರು ಬರೆದುಕೊಡುತ್ತಾರೆ. ಬರೆದುಕೊಟ್ಟರೆ ರಾತ್ರಿಯೂ ಸೇರಿ ದಿನಕ್ಕೆ ಕನಿಷ್ಠ 15 ಗಂಟೆ ಬಳಸಬೇಕು. ಇಂಥವರಲ್ಲಿ ಇದು ಆಯುಸ್ಸನ್ನು ಹೆಚ್ಚಿಸುತ್ತದೆ ಎಂದು 1980ರ ಸುಮಾರಿನ ಎರಡು ಮುಖ್ಯ ಅಧ್ಯಯನಗಳು ತೋರಿಸಿಕೊಟ್ಟವು. ನಿಮಿಷಕ್ಕೆ ಇಷ್ಟು ಲೀಟರ್ ಎಂದು ವೈದ್ಯರು ಹೇಳಿದ್ದಕ್ಕಿಂತ ನೀವಾಗಿ ಹೆಚ್ಚಿಸಬೇಡಿ. ಗ್ಯಾಸ್ ಒಲೆ, ದೇವರ ದೀಪ, ಬೀಡಿಯ ಕಿಡಿ ಯಾವುದೂ ಹತ್ತಿರ ಸುಳಿಯಬಾರದು, ಮೂಗಿಗೆ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬಾರದು. ಕರೆಂಟು ಹೋಗುವ ಊರಾದರೆ ಆಮ್ಲಜನಕ ಕೊಡುವ ವಿದ್ಯುತ್ ಯಂತ್ರದ (ಕಾನ್ಸಂಟ್ರೇಟರ್) ಜೊತೆ ಒಂದು ಸಿಲಿಂಡರ್ ಇರಲೇಬೇಕು.

ಹಂತ 9: ಊಟ, ಲಸಿಕೆ, ನಿದ್ದೆ

ಹೊಟ್ಟೆ ಬಿರಿಯುವಂತೆ ಉಂಡರೆ ವಪೆ (ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಇಳಿಯಲು ಜಾಗವಿರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣಿ. ತೂಕ ಇಳಿಯುತ್ತಿದ್ದರೆ ಅದು ಕೆಟ್ಟ ಸೂಚನೆ: ಬೇಳೆ, ಮೊಳಕೆಕಾಳು, ಮೊಟ್ಟೆ, ಮೀನು, ಮೊಸರು, ರಾಗಿ ಹೆಚ್ಚಿಸಿ. ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೋನಿಯಾದ ಲಸಿಕೆ ವೈದ್ಯರು ಹೇಳಿದಂತೆ. ನಿದ್ದೆ ಬಾರದೆಂದು ನಿದ್ದೆ ಮಾತ್ರೆಯನ್ನು, ಮಂಪರು ತರುವ ಕೆಮ್ಮಿನ ಸಿರಪ್ಪನ್ನು ಕೇಳದೆ ತೆಗೆದುಕೊಳ್ಳಬೇಡಿ. ಅವು ಉಸಿರಾಟವನ್ನೇ ಮಂದಗೊಳಿಸಬಲ್ಲವು. ಮನಸ್ಸು ಕುಗ್ಗುವುದು, ಸಾಯುತ್ತೇನೆಂಬ ದಿಗಿಲು ಈ ಕಾಯಿಲೆಯ ಜೊತೆಗೇ ಬರುತ್ತವೆ. ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಮುಂದಿನ ಭೇಟಿಗೆ ಹೋಗುವಾಗ

ಒಂದು ಚೀಲ ಸಿದ್ಧವಿರಲಿ: ನೋಟ್‌ಬುಕ್, ಊದುವ ಪರೀಕ್ಷೆಯ ವರದಿ, ಬಳಸುತ್ತಿರುವ ಎಲ್ಲ ಔಷಧಗಳು, ಪಂಪು ಮತ್ತು ಸ್ಪೇಸರ್, ಕೆಟ್ಟ ದಿನದ ಯೋಜನೆಯ ಹಾಳೆ. ಆ ಹಾಳೆಯ ಇನ್ನೊಂದು ಪ್ರತಿಯನ್ನು ನಾವು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದೇವೆ. ತಾಯಿಗೆ ಈಗ ಅರವತ್ತನಾಲ್ಕು. ವೈದ್ಯರ ಮುಂದೆ ಕುಳಿತ ಕೂಡಲೇ, ಅವರು ಕೇಳುವ ಮೊದಲೇ, ಚೀಲದಿಂದ ಪಂಪು ತೆಗೆದು ಕುಲುಕಿ, "ನಾನು ಎಳೆಯುವುದು ಸರಿಯಿದೆಯೇ, ಒಮ್ಮೆ ನೋಡಿ" ಎನ್ನುತ್ತಾರೆ.